ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ

ಊಟಿಯ ಇತಿಹಾಸ ಬರೆದವರಿಗೆ ಬರವಿಲ್ಲ. ಸರ್ ಫ್ರೆಡೆರಿಕ್ ಪ್ರೈಸ್ 1908ರಲ್ಲಿ ಹೊರತಂದ ದಪ್ಪ ಪುಸ್ತಕದಲ್ಲಿ ಬಂಗಲೆಗಳಿಗೆಲ್ಲ ಜಾತಕ ಬರೆದಿಟ್ಟಿದ್ದಾರೆ. ಯಾರು ಕಟ್ಟಿಸಿದರು, ಯಾರು ಕೊಂಡರು, ಯಾರು ಬಾಡಿಗೆಗೆ ಹಿಡಿದರು, ಎಲ್ಲ ಸಿಗುತ್ತದೆ. ಗುಂಡ್ಲುಪೇಟೆಯಲ್ಲಿ ಸಮಾಜ ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ಅದು ಇಷ್ಟದ ಪುಸ್ತಕ. ಊಟಿ ನಮಗೆ ಬಂಡೀಪುರದ ಕಾಡು ದಾಟಿದರೆ ಸಿಗುವ ನೆರೆಯೂರು. ಹೂವು ತರಕಾರಿ ಮಾರುವವರು, ಮದುವೆಯಾದ ಹೊಸಬರು, ಬೇಸಿಗೆ ರಜೆಯ ಮಕ್ಕಳು, ಎಲ್ಲರೂ ಒಂದಲ್ಲ ಒಂದು ಸಲ ಹತ್ತಿ ಬಂದವರೇ. ಆದರೆ ನಮ್ಮವರು ಉಳಿದ ಕೋಣೆಗಳ ಸುದ್ದಿ ಪ್ರೈಸ್ ಸಾಹೇಬರ ಪುಸ್ತಕದಲ್ಲಿ ಇಲ್ಲ. ಮಾರ್ಕೆಟ್ಟು, ಮೈನ್ ಬಜಾರ್, ಬಸ್‌ಸ್ಟ್ಯಾಂಡ್ ಸುತ್ತಮುತ್ತಲಿನ ಲಾಡ್ಜುಗಳು ಅವು. ಸೂರಿನಲ್ಲಿ ಫ್ಯಾನ್ ನೇತುಹಾಕುವ ಕೊಕ್ಕೆಯೂ ಇರುವುದಿಲ್ಲ. ಮಂಚದ ಮೇಲೆ ಮಡಿಸಿಟ್ಟ ಎರಡು ರಗ್ಗು, ಬಾಗಿಲ ಹಿಂದೆ ಅಂಟಿಸಿದ ನಿಯಮಾವಳಿ, ಅದರಲ್ಲಿ ದಪ್ಪ ಅಕ್ಷರದಲ್ಲಿ ಬಿಸಿನೀರಿನ ಸಮಯ. ಈ ಕೋಣೆಗಳ ಚರಿತ್ರೆಯನ್ನು ಯಾರಾದರೂ ಬರೆಯಲೇಬೇಕು ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಬೆಟ್ಟದ ತಂಪನ್ನು ದುಡಿಯುವ ಜನರ ಕೈಗೆ ಎಟುಕಿಸಿದ್ದು ಇವೇ.

ಮೊದಲಿಗೆ ಆ ತಂಪು ಕಾಯಿಲೆ ಬಿದ್ದ ಬಿಳಿಯರಿಗೆ ಮೀಸಲಾಗಿತ್ತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಮೊದಲು ಕೋಟಗಿರಿಯ ಕಡೆ ಮನೆ ಮಾಡಿಕೊಂಡು, ಆಮೇಲೆ ತೋಡ ಬುಡಕಟ್ಟಿನವರ ಹಟ್ಟಿಗಳಿದ್ದ ಹುಲ್ಲುಗಾವಲಿಗೆ ಬಂದು ಕಲ್ಲಿನ ಮನೆ ಕಟ್ಟಿಸಿದ. ಇವತ್ತಿಗೂ ಅದಕ್ಕೆ ಸ್ಟೋನ್‌ಹೌಸ್ ಎಂದೇ ಹೆಸರು. ಕೆರೆ ಕಟ್ಟಿಸಿದವನೂ ಅವನೇ. ಆ ನೆಲ ತೋಡರದ್ದು, ಅವರ ಹಕ್ಕಿಗೆ ಬೆಲೆ ಕೊಡಬೇಕು ಎಂದು ಸರ್ಕಾರದ ಜೊತೆ ವಾದಿಸಿದ್ದೂ ಉಂಟು. ಅದಕ್ಕಾಗಿ ಅವನ ಮೇಲೆ ನನಗೆ ಗೌರವವಿದೆ. ಮುಂದೆ ಮದ್ರಾಸ್ ಗವರ್ನರ್ ಲಷಿಂಗ್ಟನ್ ಕಾಲಕ್ಕೆ ಊರು ಆರೋಗ್ಯಧಾಮವಾಯಿತು. ಬಯಲು ಸೀಮೆಯ ಜ್ವರ, ಭೇದಿಯಿಂದ ಸೊರಗಿದ ಅಧಿಕಾರಿಗಳು ರಜೆ ಹಾಕಿ ಬರತೊಡಗಿದರು. ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಬಿತ್ತು. ಅದಕ್ಕೆ ಬೇಕಾದ ದೊಡ್ಡ ತೊಲೆಗಳು ಬಂದದ್ದು ನಮ್ಮ ಶ್ರೀರಂಗಪಟ್ಟಣದಿಂದ, ಟಿಪ್ಪುವಿನ ಅರಮನೆಯನ್ನು ಕಳಚಿ. ಚರ್ಚಿನೊಳಗೆ ಹೋದಾಗ ಮಕ್ಕಳಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಸೂರನ್ನೇ.

ಈಗ ಊಟಿ ಕ್ಲಬ್ ಇರುವ ಬಿಳಿ ಕಂಬಗಳ ಕಟ್ಟಡವನ್ನು ಸರ್ ವಿಲಿಯಂ ರಂಬೋಲ್ಡ್ 1830ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು ಹೋಟೆಲಿಗೆಂದು. 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಬಂದು ಅದರಲ್ಲಿ ಇಳಿದುಕೊಂಡ. ಅವನನ್ನು ಕಾಣಲು ಮೆಕಾಲೆಯೂ ಬಂದ. ಹಡಗಿನಿಂದ ಮದ್ರಾಸಿನಲ್ಲಿ ಇಳಿದವನು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ಬೆಟ್ಟ ಏರಿದ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ಭೇಟಿ ಮಾಡಿದ. ಸುಮಾರು 400 ಮೈಲಿಯ ಆ ದಾರಿಯುದ್ದಕ್ಕೂ ಅವನು ಕೂತದ್ದು ಮೇನೆಯಲ್ಲಿ, ನಡೆದದ್ದು ಬೋಯಿಗಳು. ಬಂದದ್ದು ಜೂನ್ ತಿಂಗಳು, ಮೇಲೆ ಮುಂಗಾರಿನ ಜಡಿಮಳೆ. ಮೆಕಾಲೆ ಕೋಣೆಯಲ್ಲಿ ಬೆಂಕಿ ಹಾಕಿಸಿಕೊಂಡು ಓದುತ್ತ ತಿಂಗಳುಗಟ್ಟಲೆ ಕಳೆದ. ಹೆಗಲು ಕೊಟ್ಟು ಹೊತ್ತು ತಂದವರು ಆ ರಾತ್ರಿ ಎಲ್ಲಿ ಮಲಗಿದರು? ನನ್ನ ಪಾಠದಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ಬಂಗಲೆಗಳ ನಕ್ಷೆ ನೋಡಿದರೆ ಉತ್ತರ ಊಹಿಸಬಹುದು: ಹಿತ್ತಲಿನ ಅಡಿಗೆ ಮನೆ, ಕುದುರೆ ಲಾಯ, ಸಾಲಾಗಿ ಕಟ್ಟಿದ ಆಳುಗಳ ಗೂಡು. ಇಲ್ಲದಿದ್ದರೆ ಬಜಾರಿನ ಯಾವುದಾದರೂ ಜಗಲಿ. ಊಟಿಯಲ್ಲಿ ಅಗ್ಗದ ವಸತಿ ಎಂಬುದು ಹುಟ್ಟಿದ್ದು ಅಲ್ಲಿಯೇ.

ಚಳಿಯ ಊರಿನಲ್ಲಿ ವಸತಿ ಎಂದರೆ ಅರ್ಧ ಸೂರು, ಅರ್ಧ ಸೌದೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ಜನವರಿಯಲ್ಲಿ ರೇಸ್‌ಕೋರ್ಸಿನ ಹುಲ್ಲಿನ ಮೇಲೆ ಬೆಳಗಿನ ಜಾವ ಬಿಳಿ ಹಿಮ ಕೂತಿರುತ್ತದೆ. ಬಂಗಲೆಯ ಕೋಣೆಗೊಂದು ಅಗ್ಗಿಷ್ಟಿಕೆ, ಸ್ನಾನಕ್ಕೆ ದಿನವೂ ಬಿಸಿನೀರು, ಅಡಿಗೆಗೆ ಬೇರೆ. ಇದಕ್ಕೆಲ್ಲ ಮೊದಲು ಕೊಡಲಿ ಬಿದ್ದದ್ದು ಕಣಿವೆಗಳ ಶೋಲಾ ಕಾಡಿಗೆ. ನೂರಾರು ವರ್ಷ ನಿಧಾನವಾಗಿ ಬೆಳೆದ ಮರಗಳು ಕೆಲವೇ ದಶಕಗಳಲ್ಲಿ ಒಲೆ ಸೇರಿದವು. ಸೌದೆಗೆ ತತ್ವಾರ ಬಂದಾಗ ಆಸ್ಟ್ರೇಲಿಯಾದಿಂದ ಬೇಗ ಬೆಳೆಯುವ ಮರ ತಂದರು. ನೀಲಗಿರಿ ಮರ ಬಂದದ್ದು 1843ರಲ್ಲಿ. 1860ರ ದಶಕದಿಂದ ಸರ್ಕಾರವೇ ಸೌದೆಗೆಂದು ತೋಪುಗಳನ್ನು ಎಬ್ಬಿಸಿತು. ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲಿನ ಮೇಲೆ ನೀಲಗಿರಿ, ವ್ಯಾಟಲ್ ಹಬ್ಬಿದವು. ಇವತ್ತು ಊಟಿಗೆ ಬಂದವರು ಉದ್ದ ಮರಗಳ ಸಾಲು ಕಂಡು ಆಹಾ ಎನ್ನುತ್ತಾರೆ. ಅತಿಥಿಗಳ ಬಿಸಿನೀರಿಗಾಗಿ ನೆಟ್ಟ ಕಾಡು ಅದು.

ಬಜಾರು ಇಕ್ಕಟ್ಟಾಗಲು ಕಾರಣ ಸರ್ಕಾರವೇ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಊಟಿ ಮದ್ರಾಸ್ ಪ್ರಾಂತದ ಬೇಸಿಗೆ ರಾಜಧಾನಿಯಾಯಿತು. ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಗವರ್ನರ್ ಆಗಿದ್ದಾಗ, 1877ರ ಸುಮಾರಿಗೆ, ಅಲ್ಲಿ ಗವರ್ನಮೆಂಟ್ ಹೌಸ್ ಕಟ್ಟಲು ಶುರುವಾಯಿತು. ಇಸವಿಯನ್ನು ಗಮನಿಸಬೇಕು. ನಮ್ಮ ಸೀಮೆಯಲ್ಲಿ ಅದು ಧಾತು–ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದಲ್ಲಿ ಜನ ಗಂಜಿಕೇಂದ್ರದ ದಾರಿಯಲ್ಲೇ ಬಿದ್ದು ಸಾಯುತ್ತಿದ್ದರು. ಮಕ್ಕಳಿಗೆ ಇವೆರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಹೇಳದೆ ನಾನು ಮುಂದೆ ಹೋದದ್ದಿಲ್ಲ.

ಗವರ್ನರ್ ಬೆಟ್ಟ ಹತ್ತಿದರೆ ಕಚೇರಿಯೂ ಹತ್ತಬೇಕು. ಗುಮಾಸ್ತರು, ದಫೇದಾರರು, ಜವಾನರು ಫೈಲು ಕಟ್ಟಿಕೊಂಡು ಬಂದರು. ಮದ್ರಾಸಿನ ಸೆಕೆಗೆ ಒಗ್ಗಿದ ಮೈ, ಹತ್ತಿಯ ಪಂಚೆ, ತೆಳ್ಳನೆ ಅಂಗಿ. ಸಾಹೇಬರಿಗೆ ಬೆಟ್ಟ ಆರೋಗ್ಯವಾದರೆ ಇವರಿಗೆ ಅದು ಶೀತ, ಕೆಮ್ಮು, ಎರಡು ಸಂಸಾರದ ಖರ್ಚು. ಬಜಾರಿನ ಅಂಗಡಿ ಮೇಲಿನ ಕೋಣೆಯಲ್ಲಿ ಒಟ್ಟಿಗೆ ಸೇರಿ ಬಾಡಿಗೆ ಹಂಚಿಕೊಂಡು, ಒಂದೇ ಒಲೆಯಲ್ಲಿ ಸರದಿಯಂತೆ ಅಡಿಗೆ ಮಾಡಿಕೊಂಡು ಸೀಸನ್ ಮುಗಿಸುತ್ತಿದ್ದ ಬದುಕು ಅದು. ನಾವಿಂದು ಡಾರ್ಮಿಟರಿ ಎನ್ನುವುದಕ್ಕೆ ಈ ಗುಮಾಸ್ತರ ಕೋಣೆಯೇ ಹಿರಿಯಜ್ಜ ಎಂದು ನನ್ನ ನಂಬಿಕೆ.

ರೈಲು ಬಂದದ್ದು ತಡವಾಗಿ. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಊಟಿಗೆ 1908ರಲ್ಲಿ. 46 ಕಿಲೋಮೀಟರ್ ಹಾದಿ, 16 ಸುರಂಗ, ಕಡಿದಾದ ಕಡೆ 12 ಅಡಿ ಮುಂದಕ್ಕೆ ಹೋದರೆ ಒಂದಡಿ ಏರು. ಅಲ್ಲಿ ಹಳಿಗಳ ನಡುವಿನ ಹಲ್ಲುಗಳಿಗೆ ಇಂಜಿನ್ನಿನ ಚಕ್ರ ಕಚ್ಚಿಕೊಂಡು ಮೇಲೇರುತ್ತದೆ. ಬೋಯಿಗಳ ಹೆಗಲಿಗೆ ಬಿಡುಗಡೆ ಸಿಕ್ಕಿತು, ಟಿಕೆಟ್ಟಿನ ಕಾಸು ಇದ್ದವರು ತಮ್ಮ ಪಾಡಿಗೆ ತಾವು ಹತ್ತಿ ಬರುವಂತಾಯಿತು. 1932ರಲ್ಲಿ ಪೈಕಾರಾ ನದಿಯ ವಿದ್ಯುತ್ತು ಬಂತು. ಇದಕ್ಕೆಲ್ಲ ಮೊದಲೇ, 1873ರಲ್ಲಿ, ಮೈಸೂರು ಅರಮನೆಯವರು ಊಟಿಯ ಫರ್ನ್‌ಹಿಲ್ ಬಂಗಲೆಯನ್ನು ಕೊಂಡಿದ್ದರು. ರಾಜರ ಜೊತೆ ಬಂದ ಅಡಿಗೆಯವರು, ಕುದುರೆಯವರು, ಮಾಲಿಗಳ ಬಾಯಲ್ಲಿ ಕನ್ನಡ ಊಟಿಯ ಬೀದಿಗೆ ಇಳಿದಿತ್ತು. ಬೆಟ್ಟದ ಬೇಸಾಯಗಾರರಾದ ಬಡಗರ ನುಡಿ ಹೇಗೂ ನಮ್ಮದಕ್ಕೆ ಹತ್ತಿರದ್ದು.

ಲಾಡ್ಜುಗಳ ಕಾಲ ಶುರುವಾದದ್ದು ಸ್ವಾತಂತ್ರ್ಯ ಬಂದ ಮೇಲೆ. ಬಿಳಿಯರು ಬಂಗಲೆ ಮಾರಿ ಹೋದರು. ದೊಡ್ಡವು ಹೋಟೆಲುಗಳಾದವು, ಕೆಲವು ಕಂಪನಿಗಳ, ಬ್ಯಾಂಕುಗಳ ಹಾಲಿಡೇ ಹೋಮ್ ಆದವು. ಅವುಗಳ ಮೆಟ್ಟಿಲು ಹತ್ತಲಾರದವರಿಗೆ ಬಜಾರಿನ ವ್ಯಾಪಾರಿಗಳು ಅಂಗಡಿಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿ ಕೋಣೆ ಮಾಡಿದರು. ಬಸ್ಸು ಹೆಚ್ಚಾಯಿತು, ನೌಕರರಿಗೆ ರಜೆಯ ಪ್ರಯಾಣದ ಖರ್ಚು ಕೊಡುವ ಎಲ್‌ಟಿಸಿ ಬಂತು, ಸಿನಿಮಾದವರು ಹಾಡಿಗೆ ಊಟಿಯೇ ಬೇಕೆಂದರು. ಪರದೆಯ ಮೇಲೆ ಆ ಇಳಿಜಾರು ಹುಲ್ಲು ಕಂಡ ಹೊಸ ದಂಪತಿಗಳು ಸೂಟ್‌ಕೇಸ್ ಹಿಡಿದು ಮೈಸೂರಿನಿಂದ ಊಟಿಯ ಬಸ್ ಹತ್ತಿದರು.

ನಾನು ಇಳಿದುಕೊಳ್ಳುವ ಲಾಡ್ಜು ಮಾರ್ಕೆಟ್ಟಿನ ಹಿಂದೆ, ಏರಿನ ಮೇಲೆ. ಮಾಲೀಕರು ಬಡಗರು, ಕೇತಿ ಕಣಿವೆಯ ಹಟ್ಟಿಯೊಂದರಿಂದ ಬಂದವರು. ನನಗಿಂತ ಹಿರಿಯರು. ನಾನು ಅವರನ್ನು ಗೌಡ್ರೇ ಎನ್ನುತ್ತೇನೆ, ಅವರಿಗೆ ನಾನು ಮೇಷ್ಟ್ರು. ತಮ್ಮ ಹಿರೀಕರು ಮೈಸೂರು ಸೀಮೆಯಿಂದ ಹತ್ತಿ ಬಂದವರೆಂದು ಬಡಗರು ಹೇಳಿಕೊಳ್ಳುತ್ತಾರೆ. ಹಾಗಾಗಿ ನಮ್ಮಿಬ್ಬರ ಮಾತು ಯಾವಾಗಲೂ ನೆಂಟರ ಮಾತಿನಂತೆ ಮಳೆ, ಬೆಳೆಯಿಂದಲೇ ಶುರು. ಅವರ ತಂದೆ ಆಲೂಗಡ್ಡೆ ಬೆಳೆದ ದುಡ್ಡಿನಲ್ಲಿ ಕಟ್ಟಿಸಿದ ಕಟ್ಟಡ. ಮರದ ಮೆಟ್ಟಿಲು, ಕೆಂಪು ಸಿಮೆಂಟಿನ ನೆಲ, ಕಿಟಕಿಗೆ ಒಳಗೊಂದು ಹೊರಗೊಂದು ಬಾಗಿಲು.

ಹಿತ್ತಲಲ್ಲಿ ತಾಮ್ರದ ಹಂಡೆ ಇತ್ತು. ಇಟ್ಟಿಗೆ ಒಲೆಯಲ್ಲಿ ಕತ್ತಿನವರೆಗೂ ಹೂತಿಟ್ಟ ಹಂಡೆ, ಮೈಯೆಲ್ಲ ಮಸಿ, ಬಾಯಿ ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೊಳಪು. ಅದಕ್ಕೆ ಬೆಂಕಿ ಹಾಕುತ್ತಿದ್ದವರು ಶ್ರೀಲಂಕಾದಿಂದ ಬಂದ ತಮಿಳರೊಬ್ಬರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಅಲ್ಲಿನ ಚಹಾ ತೋಟಗಳಿಂದ ವಾಪಸಾದ ಕುಟುಂಬಗಳಿಗೆ ನೀಲಗಿರಿಯಲ್ಲಿ ನೆಲೆ ಕೊಟ್ಟರು. ಹೆಚ್ಚಿನವರು ಸರ್ಕಾರಿ ಚಹಾ ತೋಟ ಸೇರಿದರು. ಇವರು ಬಜಾರಿಗೆ ಬಂದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀಲಗಿರಿ ಮರದ ಸಿಪ್ಪೆಯಿಂದ ಕಿಚ್ಚು ಹೊತ್ತಿಸಿ, ಆಮೇಲೆ ತುಂಡು ಸೌದೆ ನೂಕುವರು. ಹೊಗೆಯಲ್ಲಿ ಎಣ್ಣೆಯ ಘಾಟು ಇರುತ್ತಿತ್ತು. ಶೀತ ಹಿಡಿದವರು ಬೇಕೆಂದೇ ಹೋಗಿ ಅಲ್ಲಿ ನಿಲ್ಲುವರು. ಎರಡು ಬಕೆಟ್ ಬಿಸಿ ತೆಗೆದರೆ ಎರಡು ಬಕೆಟ್ ತಣ್ಣೀರು ಹುಯ್ಯಬೇಕು, ಮತ್ತೆ ಕಾಯುವವರೆಗೆ ಯಾರು ಬಾಗಿಲು ಬಡಿದರೂ ಕೊಡುವ ಹಾಗಿಲ್ಲ. ಎಂಟು ಗಂಟೆ ಆಗುವಷ್ಟರಲ್ಲಿ ಸೌದೆಯ ದಿನದ ಲೆಕ್ಕ ಮುಗಿದಿರುತ್ತಿತ್ತು. ಬೋರ್ಡಿನ ಮೇಲಿನ ಸಮಯ ಹೀಗೆ ಹುಟ್ಟಿದ್ದು. ಬಕೆಟ್ ಹಿಡಿದು ಮೆಟ್ಟಿಲೇರುವಾಗ ಅವರು ಮೇಲೆ ಒಂದು ಅಲ್ಯೂಮಿನಿಯಂ ತಟ್ಟೆ ಮುಚ್ಚುತ್ತಿದ್ದರು. ನೀರು ತುಳುಕದಿರಲಿ ಎಂದುಕೊಂಡಿದ್ದೆ. ಕೇಳಿದಾಗ ಅವರು ಹೇಳಿದ್ದು: "ಮೇಲಿನ ಮಹಡಿಗೆ ಹೋಗುವಷ್ಟರಲ್ಲಿ ಆರಿಬಿಡುತ್ತೆ ಸಾರ್. ಮಕ್ಕಳಿರೋ ರೂಮಿಗೆ ಬಿಸಿಯಾಗೇ ಹೋಗಬೇಕು."

ಹಂಡೆ ಹೋಗಿ ಈಗ ಕರೆಂಟಿನ ಬಾಯ್ಲರ್ ಬಂದಿದೆ, ಸಮಯ ಮಾತ್ರ ಅದೇ ಇದೆ. ರೂಮಿನಲ್ಲಿ ನೀರು ಕಾಯಿಸುವ ರಾಡ್ ಹಾಕಬಾರದು ಎಂಬ ಇನ್ನೊಂದು ಸಾಲು ಸೇರಿದೆ.

ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಆ ಲಾಡ್ಜಿನಲ್ಲಿ ಸಿಕ್ಕ ನಿಧಿ ಬೇರೆಯೇ. ಕೌಂಟರ್ ಕೆಳಗಿನ ಕಪಾಟಿನಲ್ಲಿ ಹಳೆಯ ರಿಜಿಸ್ಟರುಗಳು. ಬಟ್ಟೆ ರಟ್ಟಿನ ಉದ್ದ ಪುಸ್ತಕಗಳು, ತೇವಕ್ಕೆ ಅಂಚು ಹಳದಿಯಾಗಿವೆ. ಹೆಸರು, ವಯಸ್ಸು, ಎಷ್ಟು ಜನ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಕಾರಣ, ಸಹಿ. ಪೊಲೀಸರು ಬಂದರೆ ತೋರಿಸಲೆಂದು ಬರೆದಿಟ್ಟದ್ದು. ಮಳೆಗಾಲದ ಒಂದು ಮಧ್ಯಾಹ್ನ ಹೊರಗೆ ಕಾಲಿಡಲಾಗದೆ ಕೂತಿದ್ದಾಗ ಗೌಡರು ಒಂದನ್ನು ತೆಗೆದು ಕೊಟ್ಟರು. ಸಂಜೆ ಕತ್ತಲಾದರೂ ನನಗೆ ಕೆಳಗಿಡಲು ಮನಸ್ಸಾಗಲಿಲ್ಲ.

ಬಂದ ಊರುಗಳ ಕಾಲಂ ನೋಡಿ: ಗುಂಡ್ಲುಪೇಟೆ, ನಂಜನಗೂಡು, ಚಾಮರಾಜನಗರ, ಮಂಡ್ಯ, ಮದ್ದೂರು, ಸತ್ಯಮಂಗಲ, ಈರೋಡು, ಪಾಲಕ್ಕಾಡು, ಸುಲ್ತಾನ್ ಬತ್ತೇರಿ. ಕನ್ನಡ, ತಮಿಳು, ಮಲಯಾಳ, ಇಂಗ್ಲಿಷ್ ಸಹಿಗಳು ಒಂದರ ಕೆಳಗೊಂದು, ನಡುನಡುವೆ ಹೆಬ್ಬೆಟ್ಟು. ಬಂದ ಕಾರಣದ ಕಾಲಮ್ಮಿನಲ್ಲಿ ಮೇ ತಿಂಗಳೆಲ್ಲ ಟೂರ್, ಟೂರ್, ಟೂರ್. ಬಟಾನಿಕಲ್ ಗಾರ್ಡನ್ನಿನ ಫ್ಲವರ್ ಶೋ 1896ರಿಂದ ನಡೆಯುತ್ತ ಬಂದಿದೆ, ಆ ವಾರದ ಪುಟಗಳಲ್ಲಿ ಒಂದು ಕೋಣೆಗೆ ಏಳೆಂಟು ಜನ. ಏಪ್ರಿಲ್‌ನಿಂದ ಜೂನ್‌ವರೆಗೆ ಆಗ ಕುದುರೆ ರೇಸಿನ ಹಂಗಾಮು ನಡೆಯುತ್ತಿತ್ತು, ಲಾಯದ ಕೆಲಸದವರ ಹೆಸರುಗಳು ಬೆಂಗಳೂರು, ಮೈಸೂರಿನಿಂದ. ಸಿನಿಮಾ ಯೂನಿಟ್ ಬಂದಾಗ ನಾಯಕ ನಾಯಕಿಯರು ಎಲ್ಲಿ ಇಳಿದರೋ, ಲೈಟ್ ಬಾಯ್‌ಗಳು, ಅಡಿಗೆಯವರು ಇಲ್ಲಿ. ಬಿತ್ತನೆ ಆಲೂಗಡ್ಡೆ ಕೊಳ್ಳಲು ಬಂದ ರೈತರು, ಜಮೀನಿನ ಕೇಸಿಗೆ ಬಂದವರು, ಸ್ವೆಟರ್ ವ್ಯಾಪಾರಿಗಳು. ಒಂದು ಕಡೆ ಕಾರಣದ ಜಾಗದಲ್ಲಿ ಚಂದದ ಕನ್ನಡ ಅಕ್ಷರದಲ್ಲಿ ಬರೆದಿತ್ತು: "ತಾಯಿಗೆ ಊಟಿ ತೋರಿಸಲು." ವಯಸ್ಸು 71 ಎಂದಿತ್ತು. ಪ್ರೈಸ್ ಸಾಹೇಬರ ಪುಸ್ತಕದ ಪಕ್ಕದಲ್ಲಿ ಈ ಸಾಲನ್ನು ಇಡಬೇಕು ಎಂದು ಅನ್ನಿಸಿದ್ದು ಆಗಲೇ. ಬೆಟ್ಟದ ಗಾಳಿ ಮದ್ದು ಎಂದು ಅಧಿಕಾರಿಗಳಿಗೆ ಹೇಳಿದ ನೂರೈವತ್ತು ವರ್ಷಗಳ ಮೇಲೆ, ಮಂಡ್ಯದ ಕಡೆಯ ಒಬ್ಬ ಮುದುಕಿ ಅದೇ ಗಾಳಿಯನ್ನು ಎರಡು ರಗ್ಗು ಹೊದ್ದು ಉಸಿರಾಡಿ ಹೋದಳು. ಅದಕ್ಕೆ ಬೇಕಾದದ್ದು ಮಗನ ಒಂದು ವಾರದ ಕೂಲಿಗೆ ಎಟುಕುವ ಕೋಣೆ.

ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಅದೇ ಲಾಡ್ಜು. ಹುಡುಗರಿಗೆ ಮೇಲಿನ ಹಾಲ್, ಹುಡುಗಿಯರಿಗೆ ಮತ್ತು ಟೀಚರುಗಳಿಗೆ ಕೆಳಗಿನ ಕೋಣೆಗಳು. ಜಮಖಾನೆ ಹಾಸಿ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದರೆ ಚಳಿ ಹತ್ತಿರ ಸುಳಿಯದು. ಗೌಡರು ಮಕ್ಕಳಿಗೆ ತಲೆಗಿಷ್ಟು ಎಂದು ಲೆಕ್ಕ ಹಾಕುತ್ತಿರಲಿಲ್ಲ, ಹಾಲಿಗೆ ಒಟ್ಟಾಗಿ ಇಷ್ಟು ಕೊಡಿ ಎನ್ನುವರು. ಅದು ಆಫ್ ಸೀಸನ್ನಿನ ದರ. ಬೆಳಿಗ್ಗೆ ವರ್ಕಿ ಮತ್ತು ಟೀ. ಪದರ ಪದರ ಬಿಡಿಸಿಕೊಳ್ಳುವ ಆ ಗರಿಗರಿ ತಿಂಡಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು ಎಂದು ಓದಿದಾಗ ನನಗೆ ನೆನಪಾದದ್ದು ಹಾಲ್ ತುಂಬ ಚೆಲ್ಲಿದ ಅದರ ಚೂರುಗಳನ್ನು ಮಕ್ಕಳೇ ಗುಡಿಸಿದ್ದು.

ಈ ಕೋಣೆಗಳಿಗೆ ಈಗ ಎಲ್ಲ ಕಡೆಯಿಂದ ಇರುಕು. ಗುಡ್ಡ ಕುಸಿಯುವ ಜಾಗ ಇದು. 2009ರ ನವೆಂಬರಿನ ಮಳೆಗೆ ನೀಲಗಿರಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡಗಳ ಎತ್ತರಕ್ಕೆ 1993ರ ನಿಯಮಗಳು ಕಡಿವಾಣ ಹಾಕಿವೆ. ಹಾಕಬೇಕಾದದ್ದೇ. ಹಾಗಾಗಿ ಹಳೆ ಲಾಡ್ಜಿನವರು ಮೇಲಕ್ಕೆ ಬೆಳೆಯುವ ಹಾಗಿಲ್ಲ, ಇರುವ ಹತ್ತು ಹನ್ನೆರಡು ಕೋಣೆಯಲ್ಲೇ ದುಡಿಯಬೇಕು. ಬೇಸಿಗೆಯಲ್ಲಿ ನೀರಿಲ್ಲ, ಟ್ಯಾಂಕರ್ ತರಿಸಬೇಕು. ಶೋಲಾ ಕಡಿದ ಬೆಟ್ಟ ಮಳೆಯ ನೀರನ್ನು ಮೊದಲಿನ ಹಾಗೆ ಹಿಡಿದಿಟ್ಟುಕೊಳ್ಳುವುದಿಲ್ಲ. ಊರ ಹೊರಗೆ ತೋಟದ ನಡುವೆ ಕಾಟೇಜುಗಳು ಎದ್ದಿವೆ. ಕಾರಿನಲ್ಲಿ ಬರುವವರು ನೇರ ಅಲ್ಲಿಗೆ ಹೋಗುತ್ತಾರೆ.

ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುತ್ತಾರೆ. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುವುದನ್ನು ಕಣ್ಣಾರೆ ಕಂಡ ನಮ್ಮೂರಿನವರು ಅದನ್ನು ವಿರೋಧಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಿಂದ ಈ ಲಾಡ್ಜುಗಳಿಗೂ ಒಂದು ಕೆಲಸ ಬಂತು: ಸಂಜೆ ಹೊತ್ತು ಮೀರಿದವರು, ಬಸ್ ತಪ್ಪಿಸಿಕೊಂಡವರು ಒಂದು ರಾತ್ರಿ ತಂಗಲು ಹುಡುಕಿ ಬರುತ್ತಾರೆ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಇ–ಪಾಸ್ ಇಲ್ಲದೆ ಹೊರಗಿನ ಗಾಡಿಗಳನ್ನು ನೀಲಗಿರಿಗೆ ಬಿಡುವುದಿಲ್ಲ. ಮರುವರ್ಷದ ಬೇಸಿಗೆಗೆ ದಿನಕ್ಕೆ 6,000, ಶನಿವಾರ ಭಾನುವಾರ 8,000 ಗಾಡಿ ಎಂದು ಮಿತಿ ಹಾಕಿದರು. ಬೆಟ್ಟ ಎಷ್ಟು ಭಾರ ಹೊರಬಲ್ಲದು ಎಂದು ಕಡೆಗೂ ಯಾರೋ ಕೇಳಿದರಲ್ಲ ಎಂದು ನನಗೆ ಸಮಾಧಾನವಾಯಿತು. ಸರ್ಕಾರಿ ಬಸ್ಸಿನಲ್ಲಿ ಬರುವವನಿಗೆ ಈ ಪಾಸು ಬೇಡ. ಒಂದು ಬಸ್ಸಿನಲ್ಲಿ ಐವತ್ತು ಜನ ಬಂದು, ಹಳೆಯ ಗೋಡೆಗಳ ನಡುವೆ ಇಬ್ಬಿಬ್ಬರಿಗೆ ಎರಡು ಬಕೆಟ್ ನೀರಿನಲ್ಲಿ ಮುಗಿಸಿ ಹೋಗುವ ಪ್ರವಾಸವೇ ಬೆಟ್ಟಕ್ಕೆ ಹಗುರ. ಹೊಸ ರೆಸಾರ್ಟಿಗೆ ಗುಡ್ಡ ಅಗೆಯುವ ಮುನ್ನ ಬಜಾರಿನ ಈ ಕೋಣೆಗಳ ತಾರಸಿ ಸೋರುವುದನ್ನು ನಿಲ್ಲಿಸಲು ಸಾಲ ಕೊಡಲಿ, ಮಳೆನೀರು ಹಿಡಿಯುವ ತೊಟ್ಟಿಗೆ ಸಹಾಯ ಕೊಡಲಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಗೌಡರ ಮಗ ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾನೆ. ಕಟ್ಟಡ ಮಾರಿಬಿಡೋಣ ಎಂಬ ಮಾತು ಮನೆಯಲ್ಲಿ ಬಂದಿತ್ತಂತೆ. ಹೋದ ಸಲ ಅದನ್ನೇ ಕೇಳಿದೆ. "ಇಲ್ಲ ಮೇಷ್ಟ್ರೇ, ಸೊಸೆ ನೋಡ್ಕೋತೀನಿ ಅಂದಿದ್ದಾಳೆ. ಮೇಲಿನ ಹಾಲಿಗೆ ಹೊಸ ಶೀಟ್ ಹಾಕಿಸ್ತಾ ಇದ್ದೀವಿ. ನಿಮ್ಮ ಶಾಲೆ ಮಕ್ಕಳನ್ನ ಈಗ ಯಾರು ಕರ್ಕೊಂಡ್ ಬರ್ತಾರೆ?" ಎಂದರು. ಹೊಸ ಸಮಾಜ ಮೇಷ್ಟ್ರ ಫೋನ್ ನಂಬರ್ ಕೊಟ್ಟೆ. ರಿಜಿಸ್ಟರುಗಳನ್ನು ಗುಜರಿಗೆ ಹಾಕಬೇಡಿ ಎಂದು ಕೇಳಿಕೊಂಡಾಗ ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಸಿ, ಗುಂಡ್ಲುಪೇಟೆಯ ಬಸ್ಸಿಗೆ ನನ್ನ ಜೊತೆಯೇ ಹತ್ತಿಸಿದರು. ಈಗ ಹೆಸರುಗಳನ್ನು ಬಿಟ್ಟು, ಊರು, ತಿಂಗಳು, ಬಂದ ಕಾರಣ ಇಷ್ಟನ್ನೇ ಎತ್ತಿ ಬರೆಯುತ್ತಿದ್ದೇನೆ. 1970ರ ದಶಕದ ಪುಸ್ತಕಗಳು ಮುಗಿದಿವೆ, 1981ರ ಮಳೆಗಾಲಕ್ಕೆ ಬಂದಿದ್ದೇನೆ.